ಮೂವತ್ತನಾಲ್ಕು ದಿನ ಬಾಳಿದ ಹಾಕಿ ಲೀಗ್

ಕೆನಡಾದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕಳೆದ ಚಳಿಗಾಲದಲ್ಲಿ ಬರೆದ ಪತ್ರದಲ್ಲಿ ಒಂದು ಪ್ರಶ್ನೆ ಕೇಳಿದ್ದ. ಆ ದೇಶದಲ್ಲಿ ಹಾಕಿ ಎಂದರೆ ಹುಲ್ಲಿನ ಅಂಗಳ ಯಾರಿಗೂ ನೆನಪಾಗುವುದಿಲ್ಲವಂತೆ. ಮಂಜುಗಡ್ಡೆಯ ಮೇಲೆ ಜಾರುತ್ತ, ರಬ್ಬರಿನ ಬಿಲ್ಲೆಯೊಂದನ್ನು ಬಾಗಿದ ಕೋಲಿನಿಂದ ಹೊಡೆಯುವ ಆಟವೇ ಅವರ ಪಾಲಿನ ಹಾಕಿ. ಅಲ್ಲಿನ ದೊಡ್ಡ ಲೀಗಿನಲ್ಲಿ ಕೆನಡಾದ ಊರುಗಳ ತಂಡಗಳೂ ಅಮೆರಿಕದ ಊರುಗಳ ತಂಡಗಳೂ ಕೂಡಿಯೇ ಆಡುತ್ತವೆ. "ಮೇಷ್ಟ್ರೇ, ನಮ್ಮ ಕಡೆ ಹೀಗೆ ಗಡಿ ದಾಟಿ ಆಡುವ ಹಾಕಿ ಲೀಗ್ ಎಂದಾದರೂ ಇತ್ತೇ?" ಎಂಬುದು ಅವನ ಪ್ರಶ್ನೆ.

ಇತ್ತು. ಒಂದಲ್ಲ, ಎರಡು ಇದ್ದವು. ಮೊದಲನೆಯದು ನಾಲ್ಕು ಋತುಗಳನ್ನು ಕಂಡು ನಿಂತುಹೋಯಿತು. ಎರಡನೆಯದು ಒಂದೇ ಋತುವಿನಲ್ಲಿ, ಮೂವತ್ತನಾಲ್ಕು ದಿನಗಳಲ್ಲಿ ತನ್ನ ಆಯುಷ್ಯವನ್ನು ಮುಗಿಸಿತು. ಅವನಿಗೆ ಉತ್ತರವಾಗಿ ಬರೆಯಲು ಕುಳಿತದ್ದು ಪತ್ರದ ಅಳತೆಯನ್ನು ಮೀರಿ ಬೆಳೆದುದರಿಂದ ನಿಮ್ಮೆಲ್ಲರ ಮುಂದೆಯೂ ಇಡುತ್ತಿದ್ದೇನೆ.

ಹಾಕಿಯ ಬಗ್ಗೆ ಬರೆಯಲು ನಮ್ಮ ಸೀಮೆಯವನಿಗೆ ಏನು ಅಧಿಕಾರವೆಂದು ನಿಮ್ಮಲ್ಲಿ ಕೆಲವರಾದರೂ ನಗಬಹುದು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಶಾಲಾ ಮೈದಾನಗಳು ಕಬಡ್ಡಿ, ಕೊಕ್ಕೊ, ವಾಲಿಬಾಲ್‌ಗಳ ಮೈದಾನಗಳು. ಬಿ.ದುರ್ಗದ ಕಡೆಯ ಹುಡುಗರಿಗೆ ಕೋಲಿನ ಆಟವೆಂದರೆ ಚಿನ್ನಿದಾಂಡು. ನಾನು ಕೆಲಸ ಮಾಡಿದ ಶಾಲೆಯೊಂದರ ಉಗ್ರಾಣದಲ್ಲಿ ಎಂದೋ ಮಂಜೂರಾಗಿ ಬಂದ ನಾಲ್ಕು ಹಾಕಿ ಕೋಲುಗಳಿದ್ದುದು ನಿಜ. ಆದರೆ ಅವು ಶಾಲೆಯ ಹಿಂದಿನ ಮರದಿಂದ ಹುಣಿಸೆಕಾಯಿ ಉದುರಿಸುವುದಕ್ಕೆ ಬಳಕೆಯಾದಷ್ಟು ಚೆಂಡು ಹೊಡೆಯುವುದಕ್ಕೆ ಆಗಲಿಲ್ಲ. ಆದರೂ ರೇಡಿಯೋ ಕಾಲದ ನಮ್ಮ ತಲೆಮಾರಿಗೆ ಹಾಕಿ ಕಿವಿಯ ಆಟವಾಗಿತ್ತು. 1975ರಲ್ಲಿ ಕೌಲಾಲಂಪುರದಲ್ಲಿ ಭಾರತವು ಪಾಕಿಸ್ತಾನವನ್ನು 2-1ರಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಶಿಕ್ಷಕರ ಕೊಠಡಿಯಲ್ಲಿ ಪಾಠದ ಮಾತು ಹಿಂದೆ ಸರಿದು ಆಟದ ಮಾತೇ ನಡೆದಿತ್ತು. ಆ ತಂಡದಲ್ಲಿ ಕೊಡಗಿನ ಬಿ.ಪಿ. ಗೋವಿಂದ ಇದ್ದರೆಂಬುದು ನಮಗೆ ಹೆಮ್ಮೆಯ ಸಂಗತಿಯಾಗಿತ್ತು. ಮುಂದೆ ಎಂ.ಎಂ. ಸೋಮಯ್ಯ, ಜೂಡ್ ಫೆಲಿಕ್ಸ್, ಎ.ಬಿ. ಸುಬ್ಬಯ್ಯ, ಆಶಿಶ್ ಬಲ್ಲಾಳ್ ಮೊದಲಾದ ಹೆಸರುಗಳು ಒಂದರ ಹಿಂದೊಂದು ಬಂದವು. ಹುಣಿಸೆಕಾಯಿ ಉದುರಿಸುವವನಿಗೂ ಅಭಿಮಾನ ಪಡುವ ಹಕ್ಕು ಇದ್ದೇ ಇರುತ್ತದೆಯಷ್ಟೆ.

ಗಡಿ ದಾಟುವ ವಿಷಯಕ್ಕೆ ಬರೋಣ. ಭಾರತ ಮತ್ತು ಪಾಕಿಸ್ತಾನಗಳ ಹಾಕಿಯ ನಡುವೆ ಗಡಿ ಬಂದದ್ದೇ ತೀರ ಈಚೆಗೆ. ಎ.ಐ.ಎಸ್. ದಾರಾ ಎಂಬ ಆಟಗಾರರು 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಧ್ಯಾನ್‌ಚಂದ್ ಅವರ ನಾಯಕತ್ವದ ಭಾರತ ತಂಡಕ್ಕೆ ಆಡಿ ಚಿನ್ನದ ಪದಕ ಪಡೆದವರು. 1948ರಲ್ಲಿ ಲಂಡನ್ನಿಗೆ ಹೋದಾಗ ಅವರೇ ಪಾಕಿಸ್ತಾನದ ನಾಯಕರು. ಅದೇ ಲಂಡನ್ನಿನಲ್ಲಿ ಭಾರತದ ಪರವಾಗಿ ಚಿನ್ನ ಗೆದ್ದ ಲತೀಫುರ್ ರೆಹಮಾನ್ ಮತ್ತು ಅಖ್ತರ್ ಹುಸೇನ್ 1956ರ ಮೆಲ್ಬರ್ನ್ ಹೊತ್ತಿಗೆ ಪಾಕಿಸ್ತಾನದ ಆಟಗಾರರಾಗಿದ್ದರು. ಅಂತಿಮ ಪಂದ್ಯದಲ್ಲಿ ಅವರ ಎದುರಾಳಿ ಭಾರತವೇ. ಪಠ್ಯಪುಸ್ತಕದಲ್ಲಿ ದೇಶವಿಭಜನೆಯ ಪಾಠ ಮಾಡುವಾಗ ನಾನು ಈ ಮೂವರ ಹೆಸರನ್ನು ಹೇಳುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು. ಅಂಕಿಸಂಖ್ಯೆಗಳಿಂದ ತಿಳಿಯದ ವಿಷಯವೊಂದು ಹುಡುಗರಿಗೆ ಅದರಿಂದ ಚೆನ್ನಾಗಿ ತಿಳಿಯುತ್ತಿತ್ತು.

ಆಮೇಲಿನ ದಶಕಗಳಲ್ಲಿ ಎರಡೂ ದೇಶಗಳ ಆಟಗಾರರು ಒಂದೇ ತಂಡದಲ್ಲಿ ಆಡುವ ಅವಕಾಶ ಸಿಕ್ಕಿದ್ದು ಪರದೇಶಗಳಲ್ಲಿ. ಮಲೇಷ್ಯಾ, ಸಿಂಗಪುರ, ಜರ್ಮನಿ, ಹಾಲೆಂಡ್‌ಗಳ ಕ್ಲಬ್ಬುಗಳು ಋತುವಿಗೆ ಇಷ್ಟೆಂದು ಹಣ ಕೊಟ್ಟು ಇಬ್ಬರನ್ನೂ ಕರೆಸಿಕೊಳ್ಳುತ್ತಿದ್ದವು. ಧನರಾಜ್ ಪಿಳ್ಳೈ ಮಲೇಷ್ಯಾದಲ್ಲಿಯೂ ಜರ್ಮನಿಯಲ್ಲಿಯೂ ಢಾಕಾದಲ್ಲಿಯೂ ಕ್ಲಬ್ ಹಾಕಿ ಆಡಿದವರು. ಮನೆಯಲ್ಲಿ ಮಾತು ಬಿಟ್ಟ ದಾಯಾದಿಗಳು ಪರವೂರಿನ ಮದುವೆಮನೆಯಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಂತೆ ಇದು ನಡೆಯುತ್ತಿತ್ತು.

ಇಲ್ಲಿ 'ಅರೆವೃತ್ತಿಪರ' ಎಂಬ ಮಾತನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹಾಕಿ ಆಟಗಾರರು ಕ್ರಿಕೆಟಿಗರಂತೆ ಆಟದಿಂದಲೇ ಬದುಕಿದವರಲ್ಲ. ಅವರೆಲ್ಲ ನೌಕರರು. ರೈಲ್ವೆ, ಏರ್ ಇಂಡಿಯಾ, ಇಂಡಿಯನ್ ಏರ್‌ಲೈನ್ಸ್, ಇಂಡಿಯನ್ ಆಯಿಲ್, ಪಂಜಾಬ್ ಪೊಲೀಸ್, ಸೇನೆ, ಹೀಗೆ ಯಾವುದಾದರೊಂದು ಸಂಸ್ಥೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿರುತ್ತಿತ್ತು. ಆಚೆ ಕಡೆಯೂ ಅಷ್ಟೇ. ಪಾಕಿಸ್ತಾನದ ವಿಮಾನ ಸಂಸ್ಥೆ, ವಿದ್ಯುತ್ ಇಲಾಖೆ, ಸುಂಕದ ಇಲಾಖೆ, ನ್ಯಾಷನಲ್ ಬ್ಯಾಂಕ್. ಸಂಬಳ ಕಚೇರಿಯದು, ಆಟ ದೇಶದ್ದು. ಲೀಗ್ ಬಂದರೆ ಕೆಲವು ವಾರ ರಜೆ ಹಾಕಿ ಆಡಿ, ಅದರ ಹಣ ಪಡೆದು, ಮತ್ತೆ ಕಚೇರಿಗೆ ಹಿಂತಿರುಗಬೇಕು. ಸರ್ಕಾರಿ ನೌಕರನಾಗಿದ್ದ ನನಗೆ ಇದರ ಬಿಗಿ ಚೆನ್ನಾಗಿ ಅರ್ಥವಾಗುತ್ತದೆ. ಮೇಲಿನವರು ಸಹಿ ಹಾಕದಿದ್ದರೆ ಎಂತಹ ಪ್ರತಿಭೆಯೂ ಮನೆಯಲ್ಲೇ ಕೂರಬೇಕು. ಈ ಲೀಗುಗಳ ಕಥೆಯುದ್ದಕ್ಕೂ ಆ ಸಹಿಯ ಪ್ರಶ್ನೆಯೇ ಮತ್ತೆ ಮತ್ತೆ ಎದುರಾಗುತ್ತದೆ.

ಮೊದಲ ಲೀಗ್ 2005ರ ಜನವರಿಯಲ್ಲಿ ಆರಂಭವಾಯಿತು. ಹೆಸರು ಪ್ರೀಮಿಯರ್ ಹಾಕಿ ಲೀಗ್. ಕ್ರಿಕೆಟಿನ ಐಪಿಎಲ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ ಇದು ಹುಟ್ಟಿತೆಂಬುದನ್ನು ಇಂದಿನ ಹುಡುಗರು ನಂಬುವುದಿಲ್ಲ. ಆಗ ಕೆ.ಪಿ.ಎಸ್. ಗಿಲ್ ಅವರ ಅಧ್ಯಕ್ಷತೆಯಲ್ಲಿದ್ದ ಭಾರತೀಯ ಹಾಕಿ ಫೆಡರೇಷನ್, ಇಎಸ್‌ಪಿಎನ್ ವಾಹಿನಿಯ ಜೊತೆಗೂಡಿ ಇದನ್ನು ನಡೆಸಿತು. ಊರಿನ ಹೆಸರಿನ ತಂಡಗಳು, ಬಣ್ಣಬಣ್ಣದ ಅಂಗಿಗಳು, ರಾತ್ರಿಯ ದೀಪಗಳು, ಅಬ್ಬರದ ಸಂಗೀತ, ಹೊರದೇಶದ ಆಟಗಾರರು, ಹೀಗೆ ಮುಂದೆ ಕ್ರಿಕೆಟಿನಲ್ಲಿ ಕಂಡದ್ದೆಲ್ಲದರ ಬೀಜ ಇದರಲ್ಲಿತ್ತು. ಆ ಮೊದಲ ವರ್ಷ ಹೈದರಾಬಾದ್ ಸುಲ್ತಾನ್ಸ್ ತಂಡಕ್ಕೆ ಪಾಕಿಸ್ತಾನದ ಸುಹೈಲ್ ಅಬ್ಬಾಸ್ ಬಂದರು. ಇವರು ಪೆನಾಲ್ಟಿ ಕಾರ್ನರಿನ ಮಾಂತ್ರಿಕ. ಬರಿಯ ಮೂರು ತಿಂಗಳ ಹಿಂದೆ, 2004ರ ಅಕ್ಟೋಬರ್‌ನಲ್ಲಿ, ಅಮೃತಸರದಲ್ಲಿ ಭಾರತದ ವಿರುದ್ಧವೇ ಗೋಲು ಹೊಡೆದು, ಹಾಲೆಂಡಿನ ಪಾಲ್ ಲಿಟ್ಯೆನ್ಸ್ ಅವರ ಹೆಸರಿನಲ್ಲಿದ್ದ 267 ಗೋಲುಗಳ ವಿಶ್ವದಾಖಲೆಯನ್ನು ಮುರಿದಿದ್ದರು. ಅಮೃತಸರದಲ್ಲಿ ಯಾರ ಗೋಲಿಗೆ ನಮ್ಮವರು ತಲೆ ಚಚ್ಚಿಕೊಂಡಿದ್ದರೋ ಅದೇ ಮನುಷ್ಯನ ಗೋಲಿಗೆ ಹೈದರಾಬಾದಿನಲ್ಲಿ ಚಪ್ಪಾಳೆ ಬಿತ್ತು. ಆ ವರ್ಷದ ಪ್ರಶಸ್ತಿಯೂ ಸುಲ್ತಾನ್ಸ್ ತಂಡದ್ದೇ ಆಯಿತು.

ಆ ಲೀಗ್ ಮಾಡಿದ ಪ್ರಯೋಗವೊಂದನ್ನು ಇಲ್ಲಿ ದಾಖಲಿಸಲೇಬೇಕು. ಅಲ್ಲಿಯವರೆಗೆ ಹಾಕಿ ಪಂದ್ಯವೆಂದರೆ 35 ನಿಮಿಷಗಳ ಎರಡು ಅವಧಿಗಳು. ಪ್ರೀಮಿಯರ್ ಹಾಕಿ ಲೀಗ್ ಅದೇ 70 ನಿಮಿಷಗಳನ್ನು ಹದಿನೇಳೂವರೆ ನಿಮಿಷಗಳ ನಾಲ್ಕು ಪಾಲು ಮಾಡಿತು. ಜಾಹೀರಾತಿಗೆ ಬಿಡುವು ಬೇಕೆಂಬುದೇ ಇದರ ಹಿಂದಿನ ಮುಖ್ಯ ಲೆಕ್ಕವೆಂದು ನನ್ನ ಊಹೆ. ಹಳಬರು ಮೂಗು ಮುರಿದರು. ಆದರೆ 2007ರಲ್ಲಿ ಆರಂಭವಾದ ಯುರೋಪಿನ ಕ್ಲಬ್ ಲೀಗೂ ಇದೇ ನಾಲ್ಕು ಪಾಲಿನ ಪದ್ಧತಿಯನ್ನು ಹಿಡಿಯಿತು. 2014ರಲ್ಲಿ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ ತನ್ನ ಪ್ರಮುಖ ಪಂದ್ಯಗಳಿಗೆಲ್ಲ 15 ನಿಮಿಷಗಳ ನಾಲ್ಕು ಅವಧಿಗಳನ್ನು ಗೊತ್ತುಮಾಡಿತು. ಇಂದು ಒಲಿಂಪಿಕ್ಸ್‌ನಲ್ಲಿ ನೀವು ನೋಡುವುದು ಈ ನಾಲ್ಕು ಅವಧಿಗಳನ್ನೇ. ಲೀಗ್ ಹೋಯಿತು, ಅದರ ಗಡಿಯಾರ ಉಳಿಯಿತು.

ಅದರ ದೊಡ್ಡ ಕೊರತೆಯೂ ಮೊದಲ ವರ್ಷವೇ ಕಾಣಿಸಿತ್ತು. ತಂಡಗಳಿಗೆ ಊರಿನ ಹೆಸರುಗಳಿದ್ದವೇ ಹೊರತು ಆಟ ಆ ಊರುಗಳಲ್ಲಿ ನಡೆಯುತ್ತಿರಲಿಲ್ಲ. 2005ರ ಪಂದ್ಯಗಳೆಲ್ಲವೂ ಹೈದರಾಬಾದಿನ ಗಚ್ಚಿಬೌಲಿಯ ಒಂದೇ ಅಂಗಳದಲ್ಲಿ ನಡೆದವು. ಮುಂದಿನ ವರ್ಷಗಳಲ್ಲೂ ಒಂದೆರಡು ಊರುಗಳಲ್ಲಿ ಎಲ್ಲವನ್ನೂ ಮುಗಿಸುವ ಕ್ರಮವೇ ಮುಂದುವರಿಯಿತು. ಬೆಂಗಳೂರಿನ ತಂಡವೂ ಈ ಲೀಗಿನ ಪ್ರಶಸ್ತಿಯ ರುಚಿ ಕಂಡಿತು. ಆದರೆ ಬೆಂಗಳೂರಿನ ಹುಡುಗನೊಬ್ಬ ಬಸ್ಸು ಹತ್ತಿ ಹೋಗಿ ತನ್ನ ಊರಿನ ತಂಡವನ್ನು ತನ್ನ ಊರಿನಲ್ಲಿ ನೋಡುವ ಭಾಗ್ಯವಿರಲಿಲ್ಲ. ದೂರದರ್ಶನದ ಪೆಟ್ಟಿಗೆಯಲ್ಲಿ ಹುಟ್ಟಿದ ಅಭಿಮಾನ ಆ ಪೆಟ್ಟಿಗೆಯ ಗುಂಡಿ ಒತ್ತಿದರೆ ಆರಿಹೋಗುತ್ತದೆ.

ಆರಿಸಿದ್ದು ಮಾತ್ರ ಪ್ರೇಕ್ಷಕರಲ್ಲ. 2008ರ ಮಾರ್ಚ್‌ನಲ್ಲಿ ಚಿಲಿ ದೇಶದ ಸ್ಯಾಂಟಿಯಾಗೋದಲ್ಲಿ ನಡೆದ ಅರ್ಹತಾ ಪಂದ್ಯದಲ್ಲಿ ಭಾರತ ಬ್ರಿಟನ್ನಿಗೆ 0-2ರಿಂದ ಸೋತಿತು. 1928ರಿಂದ ಒಮ್ಮೆಯೂ ತಪ್ಪದ ಒಲಿಂಪಿಕ್ಸ್ ಹಾಕಿ ಅಂದು ತಪ್ಪಿತು. ಮರುತಿಂಗಳು, ಆಟಗಾರನ ಆಯ್ಕೆಗಾಗಿ ಹಣ ಪಡೆದ ಆರೋಪ ಹೊತ್ತ ಫೆಡರೇಷನ್ನಿನ ಕಾರ್ಯದರ್ಶಿಯ ದೃಶ್ಯಗಳನ್ನು ಸುದ್ದಿವಾಹಿನಿಯೊಂದು ತೋರಿಸಿತು. ಭಾರತೀಯ ಒಲಿಂಪಿಕ್ ಸಂಸ್ಥೆ ಫೆಡರೇಷನ್ನಿನ ಆಡಳಿತವನ್ನೇ ಕಿತ್ತುಹಾಕಿತು. ಪ್ರೀಮಿಯರ್ ಹಾಕಿ ಲೀಗಿನ ನಾಲ್ಕನೆಯ ಋತು ಕೊನೆಯ ಋತುವಾಯಿತು.

ಆನಂತರ ಬಂದದ್ದು ಒಂದು ಮನೆಗೆ ಇಬ್ಬರು ಯಜಮಾನರು ಎಂಬಂಥ ಸ್ಥಿತಿ. 2009ರಲ್ಲಿ ಹಾಕಿ ಇಂಡಿಯಾ ಎಂಬ ಹೊಸ ಸಂಸ್ಥೆ ಹುಟ್ಟಿ, ಅಂತರರಾಷ್ಟ್ರೀಯ ಫೆಡರೇಷನ್ನಿನ ಮನ್ನಣೆ ಪಡೆಯಿತು. ಹಳೆಯ ಫೆಡರೇಷನ್ ನ್ಯಾಯಾಲಯಕ್ಕೆ ಹೋಯಿತು. ಅದನ್ನು ಹೊರಹಾಕಿದ ಕ್ರಮ ಸರಿಯಲ್ಲವೆಂದು 2010ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಹೇಳಿತು. ರಾಷ್ಟ್ರೀಯ ತಂಡವನ್ನು ಆರಿಸುವ ಅಧಿಕಾರ ಹೊಸಬರ ಕೈಯಲ್ಲಿ, ತಾವೇ ನಿಜವಾದ ಫೆಡರೇಷನ್ ಎಂಬ ಹಟ ಹಳಬರಲ್ಲಿ. ಆಟಗಾರ ಯಾರ ಮಾತು ಕೇಳಬೇಕು?

ಈ ಜಗಳದ ನಡುವೆ ಹುಟ್ಟಿದ ಕೂಸು ವರ್ಲ್ಡ್ ಸೀರೀಸ್ ಹಾಕಿ. ಹಳೆಯ ಫೆಡರೇಷನ್ನೂ ನಿಂಬಸ್ ಎಂಬ ಕ್ರೀಡಾಪ್ರಸಾರ ಕಂಪನಿಯೂ ಸೇರಿ ಇದನ್ನು ರೂಪಿಸಿದವು. ಮೊದಲು 2011ರ ಡಿಸೆಂಬರ್‌ನಲ್ಲಿ ನಡೆಯಬೇಕಾಗಿದ್ದುದು ಮುಂದಕ್ಕೆ ಹೋಗಿ, ಕೊನೆಗೆ 2012ರ ಫೆಬ್ರವರಿ 29ರಂದು ಚಂಡೀಗಢದಲ್ಲಿ ಆರಂಭವಾಯಿತು. ನಾಲ್ಕು ವರ್ಷಕ್ಕೊಮ್ಮೆ ಬರುವ ದಿನವನ್ನು ಆರಿಸಿಕೊಂಡವರಿಗೆ ಹುಟ್ಟುಹಬ್ಬದ ಚಿಂತೆ ಇರಲಿಲ್ಲವೆಂದು ಕಾಣುತ್ತದೆ! ಎಂಟು ತಂಡಗಳು: ಚಂಡೀಗಢ ಕಾಮೆಟ್ಸ್, ಭೋಪಾಲ್ ಬಾದ್‌ಷಾಸ್, ಚೆನ್ನೈ ಚೀತಾಸ್, ದೆಹಲಿ ವಿಝಾರ್ಡ್ಸ್, ಮುಂಬೈ ಮರೀನ್ಸ್, ಪುಣೆ ಸ್ಟ್ರೈಕರ್ಸ್, ಶೇರ್-ಎ-ಪಂಜಾಬ್ ಮತ್ತು ನಮ್ಮ ಕರ್ನಾಟಕ ಲಯನ್ಸ್. ಪ್ರತಿ ತಂಡವೂ ಮತ್ತೊಂದರೊಡನೆ ಎರಡು ಬಾರಿ, ಒಮ್ಮೆ ತನ್ನೂರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ ಆಡುವ ಏರ್ಪಾಡು. ಉಪಾಂತ್ಯ, ಅಂತಿಮಗಳನ್ನು ಸೇರಿಸಿ 59 ಪಂದ್ಯಗಳು. ಮೊದಲ ಲೀಗಿನ ಕೊರತೆಯಿಂದ ಇವರು ಪಾಠ ಕಲಿತಿದ್ದರೆಂಬುದನ್ನು ಒಪ್ಪಲೇಬೇಕು.

ಹೀಗಾಗಿ 2012ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ತನ್ನದೇ ಹಾಕಿ ತಂಡವನ್ನು ಮನೆಯಂಗಳದಲ್ಲಿ ನೋಡುವ ಅವಕಾಶ ಸಿಕ್ಕಿತು. ಶಾಂತಿನಗರದ ಹಾಕಿ ಕ್ರೀಡಾಂಗಣವಿರುವ ಜಾಗ ಹಿಂದೆ ಅಕ್ಕಿತಿಮ್ಮನಹಳ್ಳಿ ಕೆರೆಯಾಗಿತ್ತು. ಕೆರೆಗಳ ಬೆಲೆ ಬಲ್ಲ ನಮ್ಮ ಬಯಲುಸೀಮೆಯವರಿಗೆ ಕೆರೆ ಬತ್ತಿಸಿ ಮೈದಾನ ಮಾಡುವುದು ಅಷ್ಟಾಗಿ ಹಿಡಿಸುವ ಸಂಗತಿಯಲ್ಲ, ಅದಿರಲಿ. ಲಯನ್ಸ್ ತಂಡದ ನಾಯಕರು ಕೊಡಗಿನ ಅರ್ಜುನ್ ಹಾಲಪ್ಪ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಆಡಿದವರು. ತರಬೇತುದಾರರು ಜೂಡ್ ಫೆಲಿಕ್ಸ್. ತಂಡದಲ್ಲಿ ಲೆನ್ ಅಯ್ಯಪ್ಪ ಇದ್ದರು. ಎಲ್ಲಕ್ಕಿಂತ ಸೋಜಿಗವೆಂದರೆ ಧನರಾಜ್ ಪಿಳ್ಳೈ ಇದ್ದರು. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್ ಆಡಿ ನಿವೃತ್ತರಾಗಿದ್ದ ಅವರು ತಮ್ಮ 43ನೆಯ ವಯಸ್ಸಿನಲ್ಲಿ ಕರ್ನಾಟಕದ ಅಂಗಿ ತೊಟ್ಟು ಮತ್ತೆ ಸ್ಟಿಕ್ ಹಿಡಿದರು. ನಿವೃತ್ತಿಯ ಮೇಲೆ ನನಗಿದ್ದ ಗೌರವ ಅವರಿಂದ ಸ್ವಲ್ಪ ಕಡಿಮೆಯಾಯಿತು, ನಿವೃತ್ತರ ಮೇಲಿನದು ಹೆಚ್ಚಿತು.

ಪಾಕಿಸ್ತಾನದಿಂದ ರೆಹಾನ್ ಭಟ್, ಶಕೀಲ್ ಅಬ್ಬಾಸಿ, ವಾಸಿಂ ಅಹ್ಮದ್ ಮೊದಲಾದವರು ಬಂದು ಬೇರೆ ಬೇರೆ ತಂಡಗಳಿಗೆ ಹಂಚಿಹೋದರು. ಇವರು ಯಾರೂ ಆಟ ಮುಗಿದ ಮುದುಕರಲ್ಲ. ತಮ್ಮ ದೇಶದ ತಂಡದ ಬೆನ್ನೆಲುಬಾಗಿದ್ದವರು. ಆ ವರ್ಷದ ಬೇಸಿಗೆಯಲ್ಲಿ ಲಂಡನ್ ಒಲಿಂಪಿಕ್ಸ್ ಇತ್ತೆಂಬುದನ್ನು ನೆನಪಿಡಿ.

ಪಣವಿದ್ದುದು ಇಲ್ಲಿಯೇ. ಈ ಲೀಗಿಗೆ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್ನಿನ ಮಂಜೂರಾತಿ ಇರಲಿಲ್ಲ. ಮಂಜೂರಾತಿಯಿಲ್ಲದ ಲೀಗಿನಲ್ಲಿ ಆಡಿದವರಿಗೆ ದೇಶದ ತಂಡದ ಬಾಗಿಲು ಮುಚ್ಚಬಹುದೆಂಬ ಎಚ್ಚರಿಕೆ ಭಾರತದಲ್ಲಿಯೂ ಪಾಕಿಸ್ತಾನದಲ್ಲಿಯೂ ಹೋಯಿತು. ಎರಡು ದೇಶಗಳ ಅಧಿಕಾರಿಗಳು ಬೇರೆ ಯಾವ ವಿಷಯದಲ್ಲೂ ಒಂದಾಗದವರು ಈ ವಿಷಯದಲ್ಲಿ ಒಂದೇ ಮಾತಾಡಿದರು. ಮುಂಚೆ ಒಪ್ಪಂದಕ್ಕೆ ಸಹಿ ಹಾಕಿದ್ದ ಸರ್ದಾರ್ ಸಿಂಗ್, ಸಂದೀಪ್ ಸಿಂಗ್ ಅಂತಹವರು ರಾಷ್ಟ್ರೀಯ ಶಿಬಿರವನ್ನು ಆರಿಸಿಕೊಂಡರು. ಲೀಗ್ ಆರಂಭವಾಗುವುದಕ್ಕೆ ಮೂರು ದಿನ ಮೊದಲು, ಫೆಬ್ರವರಿ 26ರಂದು ದೆಹಲಿಯಲ್ಲಿ ಭಾರತ ಫ್ರಾನ್ಸನ್ನು 8-1ರಿಂದ ಸೋಲಿಸಿ ಲಂಡನ್ನಿಗೆ ಅರ್ಹತೆ ಪಡೆಯಿತು. ಸಂದೀಪ್ ಒಬ್ಬರೇ ಐದು ಗೋಲು ಹೊಡೆದರು. ಅತ್ತ ಅರ್ಜುನ್ ಹಾಲಪ್ಪ, ಹಿಂದೆ ಭಾರತದ ನಾಯಕರಾಗಿದ್ದ ರಾಜ್‌ಪಾಲ್ ಸಿಂಗ್, ಪ್ರಭ್‌ಜೋತ್ ಸಿಂಗ್ ಮುಂತಾದವರು ಲೀಗನ್ನು ಆರಿಸಿಕೊಂಡರು. ಅವರಲ್ಲಿ ಯಾರೂ ಲಂಡನ್ ತಂಡದಲ್ಲಿರಲಿಲ್ಲ.

ಇವರನ್ನು ಹಣಕ್ಕಾಗಿ ಹೋದವರೆಂದು ಆಗ ಕೆಲವರು ಜರಿದರು. ನನಗೆ ಆ ಮಾತು ಸರಿಕಾಣಲಿಲ್ಲ, ಇಂದಿಗೂ ಸರಿಕಾಣುವುದಿಲ್ಲ. ಮೂವತ್ತರ ಆಸುಪಾಸಿನ ಆಟಗಾರನಿಗೆ ಉಳಿದಿರುವುದು ಎರಡೋ ಮೂರೋ ವರ್ಷ. ಆಮೇಲೆ ಅದೇ ಕಚೇರಿ, ಅದೇ ಹಾಜರಿ ಪುಸ್ತಕ. ಜೀವಮಾನವಿಡೀ ಮೊಣಕಾಲು ಸವೆಸಿದ್ದಕ್ಕೆ ಒಮ್ಮೆಯಾದರೂ ನಾಲ್ಕು ಕಾಸು ಕಾಣಲಿ ಎಂದು ಬಯಸುವುದು ದ್ರೋಹವಾಗುವುದು ಹೇಗೆ? ಆಯ್ಕೆಯ ಕಷ್ಟವನ್ನು ಅವರ ತಲೆಯ ಮೇಲೆ ಹೊರಿಸಿದ್ದು ಇಬ್ಬರು ಯಜಮಾನರ ವ್ಯಾಜ್ಯ.

ಕೆನಡಾದ ನನ್ನ ಶಿಷ್ಯನಿಗಾಗಿ ಅವನ ಮಂಜುಗಡ್ಡೆಯ ಹಾಕಿಯಿಂದಲೇ ಒಂದು ಹೋಲಿಕೆ ಕೊಡುತ್ತೇನೆ. 1972ರಲ್ಲಿ ಅಲ್ಲಿ ದೊಡ್ಡ ಲೀಗಿಗೆ ಎದುರಾಗಿ ವರ್ಲ್ಡ್ ಹಾಕಿ ಅಸೋಸಿಯೇಷನ್ ಎಂಬ ಹೊಸ ಲೀಗ್ ಎದ್ದಿತು. ಅದರಲ್ಲಿಯೂ ಕೆನಡಾ, ಅಮೆರಿಕ ಎರಡರ ತಂಡಗಳೂ ಇದ್ದವು. ಬಾಬಿ ಹಲ್ ಎಂಬ ಪ್ರಖ್ಯಾತ ಆಟಗಾರ ಹತ್ತು ಲಕ್ಷ ಡಾಲರ್ ಮುಂಗಡ ಪಡೆದು ಹೊಸ ಲೀಗಿನ ವಿನಿಪೆಗ್ ತಂಡಕ್ಕೆ ಹೋದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೆನಡಾ ಮತ್ತು ಸೋವಿಯತ್ ಒಕ್ಕೂಟಗಳ ನಡುವೆ ಎಂಟು ಪಂದ್ಯಗಳ ಐತಿಹಾಸಿಕ ಸರಣಿ ನಡೆಯಿತು. ಬಾಬಿ ಹಲ್ ಅದರಲ್ಲಿ ಆಡುವಂತಿರಲಿಲ್ಲ. ಹಳೆಯ ಲೀಗಿನೊಡನೆ ಒಪ್ಪಂದವಿಲ್ಲದವರಿಗೆ ಕೆನಡಾ ತಂಡದಲ್ಲಿ ಸ್ಥಳವಿಲ್ಲವೆಂದು ಗೊತ್ತುಮಾಡಿದ್ದರು. ಅರ್ಜುನ್ ಹಾಲಪ್ಪ ಅವರ ಸ್ಥಿತಿಗೂ ಇದಕ್ಕೂ ನಲವತ್ತು ವರ್ಷಗಳ ಅಂತರವಿದ್ದರೂ ತರ್ಕ ಒಂದೇ. ಆದರೆ ಒಂದು ವ್ಯತ್ಯಾಸವಿದೆ. ಆ ಹೊಸ ಲೀಗ್ ಏಳು ಋತುಗಳ ಕಾಲ ತಾಳಿಕೊಂಡಿತು. 1979ರಲ್ಲಿ ಅದು ಮುಚ್ಚಿದಾಗ ಎಡ್ಮಂಟನ್, ಕ್ವಿಬೆಕ್, ವಿನಿಪೆಗ್, ಹಾರ್ಟ್‌ಫರ್ಡ್ ಎಂಬ ನಾಲ್ಕು ಊರುಗಳ ತಂಡಗಳನ್ನು ಹಳೆಯ ಲೀಗ್ ತನ್ನೊಳಗೆ ಸೇರಿಸಿಕೊಂಡಿತು. ಊರುಗಳು ತಮ್ಮ ತಂಡಗಳನ್ನು ಬಿಟ್ಟುಕೊಡಲಿಲ್ಲ. ನಮ್ಮ ಕರ್ನಾಟಕ ಲಯನ್ಸ್‌ಗೆ ಅಂತಹ ಬೇರು ಬಿಡುವಷ್ಟು ಕಾಲವೇ ಸಿಗಲಿಲ್ಲ.

ಏಪ್ರಿಲ್ 2ರಂದು ಮುಂಬೈಯಲ್ಲಿ ಶೇರ್-ಎ-ಪಂಜಾಬ್ ತಂಡ ಪುಣೆ ಸ್ಟ್ರೈಕರ್ಸ್ ತಂಡವನ್ನು 5-2ರಿಂದ ಸೋಲಿಸಿ ಪ್ರಶಸ್ತಿ ಗೆದ್ದಿತು. ಅಲ್ಲಿಗೆ ಮೂವತ್ತನಾಲ್ಕು ದಿನಗಳು ಮುಗಿದವು. ಎರಡನೆಯ ಋತುವಿನ ಮಾತು ಕೇಳಿಬಂತು, ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು, ಕೊನೆಗೆ ನಡೆಯಲೇ ಇಲ್ಲ. ನಿಂಬಸ್ ಕಂಪನಿಯ ಹಣದ ಮುಗ್ಗಟ್ಟು ಲೀಗಿಗಿಂತ ಹಳೆಯದು. 2011ರ ಡಿಸೆಂಬರ್‌ನಲ್ಲಿಯೇ ಕ್ರಿಕೆಟ್ ಮಂಡಳಿ, ಬಾಕಿ ಪಾವತಿಯ ಕಾರಣಕ್ಕಾಗಿ, ಆ ಕಂಪನಿಯ ಪ್ರಸಾರದ ಒಪ್ಪಂದವನ್ನು ರದ್ದು ಮಾಡಿತ್ತು. ಹಾಕಿ ಪಂದ್ಯಗಳು ಬಿತ್ತರವಾಗುತ್ತಿದ್ದುದೂ ಅದೇ ಕಂಪನಿಯ ನಿಯೋ ವಾಹಿನಿಯಲ್ಲಿ. ಲೀಗಿನ ಮಾಲೀಕ, ಪ್ರಸಾರಕ ಎರಡೂ ಒಬ್ಬನೇ ಆದಾಗ ಅವನು ಎಡವಿದರೆ ಎಲ್ಲವೂ ಎಡವುತ್ತದೆ. ಒಪ್ಪಿದ ಹಣ ಪೂರ್ತಿ ಕೈಸೇರಲಿಲ್ಲವೆಂದು ಆಟಗಾರರು ಪತ್ರಿಕೆಗಳ ಮುಂದೆ ದೂರಿಕೊಂಡರು. ದೇಶದ ಅಂಗಿಯನ್ನು ಪಣವಿಟ್ಟು ಹೋದವರಿಗೆ ಹೀಗಾದುದು ಬಹಳ ಕೆಟ್ಟ ಸಂಗತಿ.

ಆಚೆಯವರ ಪಾಡೇನಾಯಿತು? ಪಾಕಿಸ್ತಾನದ ಫೆಡರೇಷನ್ ತನ್ನ ಆಟಗಾರರ ಮೇಲೆ ಶಿಸ್ತುಕ್ರಮ ಕೈಗೊಂಡಿತು. ಕೊನೆಗೆ ಒಲಿಂಪಿಕ್ಸ್ ಹತ್ತಿರ ಬಂದಾಗ ಮನಸ್ಸು ಕರಗಿತೋ ಗರಜು ಕರಗಿಸಿತೋ, ರೆಹಾನ್ ಭಟ್, ಶಕೀಲ್ ಅಬ್ಬಾಸಿ, ವಾಸಿಂ ಅಹ್ಮದ್ ಮೂವರೂ ಸುಹೈಲ್ ಅಬ್ಬಾಸ್ ಅವರ ನಾಯಕತ್ವದ ಲಂಡನ್ ತಂಡದಲ್ಲಿದ್ದರು. ನಮ್ಮ ಕಡೆ ಹಾಗಾಗಲಿಲ್ಲ. ಭಾರತ ಲಂಡನ್ನಿನಲ್ಲಿ ಆಡಿದ ಆರೂ ಪಂದ್ಯಗಳನ್ನು ಸೋತು ಹನ್ನೆರಡು ತಂಡಗಳಲ್ಲಿ ಹನ್ನೆರಡನೆಯದಾಯಿತು. ಲೀಗಿಗೆ ಹೋದವರು ಇದ್ದಿದ್ದರೆ ಗೆಲ್ಲುತ್ತಿತ್ತೆಂದು ನಾನು ಹೇಳಲಾರೆ. ಆದರೆ ಒಂದು ದೇಶದ ಆಟಗಾರರನ್ನು ಒಂದು ಒಲಿಂಪಿಕ್ಸ್ ವರ್ಷದಲ್ಲಿ ಎರಡು ಬಣ ಮಾಡಿ ನಿಲ್ಲಿಸಿದ್ದು ಬುದ್ಧಿವಂತಿಕೆಯಲ್ಲವೆಂದು ಹೇಳಬಲ್ಲೆ.

ಮರುವರ್ಷವೇ ಹಾಕಿ ಇಂಡಿಯಾ ತನ್ನದೇ ಲೀಗನ್ನು, ಎಲ್ಲ ಮಂಜೂರಾತಿಗಳೊಂದಿಗೆ, ಆರಂಭಿಸಿತು. ಈ ಬಾರಿ ಸಹಿ, ಮೊಹರು ಎಲ್ಲವೂ ಸರಿಯಿದ್ದವು. ಪಾಕಿಸ್ತಾನದ ಒಂಬತ್ತು ಆಟಗಾರರು ಸರಿಯಾದ ದಾರಿಯಲ್ಲೇ ಬಂದರು. ಆದರೆ 2013ರ ಜನವರಿಯಲ್ಲಿ ಗಡಿ ನಿಯಂತ್ರಣ ರೇಖೆಯಲ್ಲಿ ನಮ್ಮ ಸೈನಿಕರ ಹತ್ಯೆಯಾಗಿ ದೇಶವೆಲ್ಲ ಕುದಿಯುತ್ತಿತ್ತು. ಮುಂಬೈಯಲ್ಲಿ ಶಿವಸೇನೆ ಪ್ರತಿಭಟನೆಗಿಳಿಯಿತು. ಲೀಗ್ ಶುರುವಾದ ಕೆಲವೇ ದಿನಗಳಲ್ಲಿ ಆ ಒಂಬತ್ತೂ ಮಂದಿಯನ್ನು ಹಿಂದಕ್ಕೆ ಕಳುಹಿಸಲಾಯಿತು. ಕ್ರಿಕೆಟಿನಲ್ಲಿ ಇದು ಮೊದಲೇ ನಡೆದಿತ್ತು. 2008ರ ಮೊದಲ ಐಪಿಎಲ್‌ನಲ್ಲಿ ನಮ್ಮ ಬೆಂಗಳೂರು ತಂಡಕ್ಕೆ ಮಿಸ್ಬಾ-ಉಲ್-ಹಕ್ ಆಡಿದ್ದರೆಂದರೆ ಇಂದಿನ ಮಕ್ಕಳು ಬೆರಗಾಗುತ್ತಾರೆ. ಆ ವರ್ಷದ ನವೆಂಬರ್‌ನಲ್ಲಿ ಮುಂಬೈ ಮೇಲೆ ದಾಳಿಯಾಯಿತು. ಆಮೇಲೆ ಆ ಬಾಗಿಲು ತೆರೆಯಲಿಲ್ಲ. ಸೈನಿಕರ ಮನೆಗಳಲ್ಲಿ ಸೂತಕವಿರುವಾಗ ಆಟದ ಸ್ನೇಹದ ಮಾತಾಡುವುದು ಸುಲಭವಲ್ಲವೆಂಬುದನ್ನು ನಾನೂ ಬಲ್ಲೆ. ನಮ್ಮ ಜಿಲ್ಲೆಯಿಂದಲೂ ಸೇನೆಗೆ ಹೋದ ಹುಡುಗರಿದ್ದಾರೆ. ಅವರಲ್ಲಿ ನನ್ನ ತರಗತಿಯಲ್ಲಿ ಕೂತವರೂ ಇದ್ದಾರೆ. ಆದರೆ ಈ ಎರಡು ಮುಕ್ತಾಯಗಳನ್ನು ಒಂದೇ ಎಂದು ಬೆರೆಸಬಾರದೆಂಬುದು ನನ್ನ ಅಭಿಪ್ರಾಯ. 2013ರಲ್ಲಿ ಆಟಗಾರರನ್ನು ಗಡಿ ಹಿಂದಕ್ಕೆ ಎಳೆಯಿತು. 2012ರಲ್ಲಿ ಗಡಿ ಯಾರನ್ನೂ ತಡೆಯಲಿಲ್ಲ. ವೀಸಾ ಸಿಕ್ಕಿತು, ಆಟಗಾರರು ಬಂದರು, ಪ್ರೇಕ್ಷಕರು ಅವರ ಗೋಲಿಗೆ ಚಪ್ಪಾಳೆ ತಟ್ಟಿದರು, ಎಲ್ಲಿಯೂ ಕಲ್ಲು ಬೀಳಲಿಲ್ಲ. ಆ ಲೀಗನ್ನು ಕೊಂದದ್ದು ಕಚೇರಿಗಳ ಜಗಳ ಮತ್ತು ಕಂಪನಿಯ ಸಾಲ. ಜನರ ನಡುವಿನ ದ್ವೇಷದಿಂದ ಅದು ಸತ್ತಿತೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹೊಸ ಲೀಗಿನಲ್ಲಿ ಕರ್ನಾಟಕಕ್ಕೆ ತಂಡವೇ ಇರಲಿಲ್ಲ. ದೆಹಲಿ, ಮುಂಬೈ, ಪಂಜಾಬ್, ರಾಂಚಿ, ಉತ್ತರ ಪ್ರದೇಶ, ಆಮೇಲೆ ಒಡಿಶಾ. ಕೊಡಗಿನ ವಿ.ಆರ್. ರಘುನಾಥ್ ಉತ್ತರ ಪ್ರದೇಶದ ತಂಡದ ನಾಯಕರಾದರು, ಎಸ್.ವಿ. ಸುನಿಲ್ ಪಂಜಾಬಿಗೆ ಆಡಿದರು. ದೇಶಕ್ಕೆ ಇಷ್ಟು ಆಟಗಾರರನ್ನು ಕೊಟ್ಟ ನಾಡಿನ ಹುಡುಗರು ಹೀಗೆ ಪರರಾಜ್ಯದ ಅಂಗಿ ತೊಟ್ಟು ಆಡಬೇಕಾಯಿತು. ಆ ಲೀಗೂ 2017ರ ನಂತರ ನಿಂತು, ಏಳು ವರ್ಷ ಮಲಗಿ, 2024ರ ಡಿಸೆಂಬರ್‌ನಲ್ಲಿ ಮತ್ತೆ ಎದ್ದಿತು. ಆಗ ಆಡಿದ ಎಂಟು ತಂಡಗಳಲ್ಲಿಯೂ ಬೆಂಗಳೂರಿನ ಹೆಸರಿರಲಿಲ್ಲ.

ಇದೇ ಅವಧಿಯಲ್ಲಿ ನಮ್ಮದೇ ರಾಜ್ಯದಲ್ಲಿ ಇನ್ನೊಂದು ಹಾಕಿ ಯಾವ ಕಂಪನಿಯ ಹಂಗೂ ಇಲ್ಲದೆ ಬೆಳೆಯುತ್ತ ಹೋಯಿತು. 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕುಟುಂಬಗಳ ನಡುವೆ ಹಾಕಿ ಪಂದ್ಯಾವಳಿಯೊಂದನ್ನು ಆರಂಭಿಸಿದರು. ಅಂದು ಸೇರಿದ್ದು 60 ಕುಟುಂಬಗಳ ತಂಡಗಳು. ಒಂದೊಂದು ವರ್ಷ ಒಂದೊಂದು ಮನೆತನ ಆತಿಥ್ಯದ ಹೊಣೆ ಹೊರುತ್ತದೆ, ಪಂದ್ಯಾವಳಿಗೆ ಆ ಮನೆತನದ ಹೆಸರು. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದು. 2024ರಲ್ಲಿ ನಾಪೋಕ್ಲಿನಲ್ಲಿ ಕುಂಡ್ಯೋಳಂಡ ಮನೆತನ ನಡೆಸಿದಾಗ 360 ತಂಡಗಳು ಬಂದು ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಪಂದ್ಯಾವಳಿಗೆ 396 ತಂಡಗಳು. ಇಲ್ಲಿ ಯಾರಿಗೂ ಸಂಬಳವಿಲ್ಲ, ಯಾರ ಸಹಿಗೂ ಯಾರೂ ಕಾಯುವುದಿಲ್ಲ. ಹಾಗೆಂದು ಇದನ್ನೂ ಲೀಗನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ, ಹಬ್ಬದಿಂದ ಆಟಗಾರನ ಮನೆಯ ಒಲೆ ಉರಿಯುವುದಿಲ್ಲ. ಆದರೂ ಮನೆತನದ ಹೆಸರು ಹೊತ್ತ ತಂಡವನ್ನು ಯಾರೂ ಮುಚ್ಚಿಹಾಕಲಾರರೆಂಬುದು ಕಣ್ಣಿಗೆ ಕಾಣುವ ಮಾತು.

ಜೂಡ್ ಫೆಲಿಕ್ಸ್ ಬಡಮಕ್ಕಳಿಗಾಗಿ ಬೆಂಗಳೂರಿನಲ್ಲಿ 2009ರಲ್ಲಿ ಆರಂಭಿಸಿದ ಹಾಕಿ ಶಾಲೆ ಲೀಗ್ ಹೋದ ಮೇಲೂ ನಡೆಯಿತು. ಅರ್ಜುನ್ ಹಾಲಪ್ಪ ಮುಂದೆ ತರಬೇತಿಯ ಕಡೆ ಹೊರಳಿ, ಯಾವ ತಂಡದ ಬಾಗಿಲು ತಮಗೆ ಮುಚ್ಚಿತ್ತೋ ಅದೇ ಭಾರತ ತಂಡದ ಸಹಾಯಕ ತರಬೇತುದಾರರಾಗಿ ಕೆಲಸ ಮಾಡಿದರು. ಪಾಕಿಸ್ತಾನದ ತಂಡ 2025ರಲ್ಲಿ ಬಿಹಾರದ ರಾಜಗೀರ್‌ನಲ್ಲಿ ನಡೆದ ಏಷ್ಯಾ ಕಪ್ಪಿಗೂ ಬರಲಿಲ್ಲ. ಅದರ ಸ್ಥಾನದಲ್ಲಿ ಬಾಂಗ್ಲಾದೇಶ ಆಡಿತು.

2012ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಓದುತ್ತಲೋ ಕೆಲಸ ಮಾಡುತ್ತಲೋ ಇದ್ದವರು ನಿಮ್ಮಲ್ಲಿ ಹಲವರಿದ್ದೀರಿ. ಶಾಂತಿನಗರದ ಆ ಅಂಗಳದಲ್ಲಿ ಕೂತು ಕರ್ನಾಟಕ ಲಯನ್ಸ್ ಆಟವನ್ನು ಕಣ್ಣಾರೆ ಕಂಡವರಿದ್ದರೆ ದಯವಿಟ್ಟು ನನಗೆ ಬರೆದು ತಿಳಿಸಿ. ಧನರಾಜ್ ಅಂಗಳಕ್ಕೆ ಇಳಿದಾಗ ಜನ ಏನು ಮಾಡಿದರು, ಎದುರು ತಂಡದ ಪಾಕಿಸ್ತಾನಿ ಆಟಗಾರನನ್ನು ಯಾವ ಹೆಸರಿನಿಂದ ಕೂಗಿ ಕರೆದರು, ಟಿಕೀಟಿಗೆ ಎಷ್ಟು ಕೊಟ್ಟಿರಿ, ಎಲ್ಲವನ್ನೂ ಬರೆಯಿರಿ. ಕೆನಡಾದವನಿಗೆ ಅದನ್ನೂ ಸೇರಿಸಿ ಕಳುಹಿಸುತ್ತೇನೆ.